ಬಿಸಿಲಿನ ಅಂಗಳಕ್ಕೆ ಎಂಥ ಗುಲಾಬಿ?

ಈ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಹೆಚ್ಚಿನವು ಗುಲಾಬಿ ಗಿಡಗಳ ಆಯ್ಕೆಗೆ ಸಂಬಂಧಿಸಿದವಾದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆ ಹೊಸಪೇಟೆಯಲ್ಲಿದೆ. ಮನೆ ಪಶ್ಚಿಮಾಭಿಮುಖವಾಗಿದ್ದು, ಮುಂದೆ ಕಾಂಪೌಂಡಿನವರೆಗೆ ಸುಮಾರು ಇಪ್ಪತ್ತು ಅಡಿ ಖಾಲಿ ಜಾಗವಿದೆ. ಎಲ್ಲೂ ಮರದ ನೆರಳಿಲ್ಲ, ಮಣ್ಣು ಎರೆಮಣ್ಣು. ಗುಲಾಬಿಗೆ ಬಿಸಿಲು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೇಳಿ ಕಡುಗೆಂಪು ಮತ್ತು ಹಳದಿ ಹೂವಿನ ಕಸಿ ಗಿಡಗಳನ್ನು ಮನೆಯ ಗೋಡೆಯ ಪಕ್ಕದಲ್ಲಿ ನೆಟ್ಟೆವು. ಚಳಿಗಾಲದಲ್ಲಿ ಸೊಗಸಾಗಿ ಅರಳಿದವು. ಮಾರ್ಚ್ ಬಂದ ಮೇಲೆ ಕೆಂಪು ಹೂವಿನ ಅಂಚುಗಳು ಸುಟ್ಟಂತೆ ಕಪ್ಪಾಗುತ್ತಿವೆ, ಹಳದಿ ಹೂವು ಬಿಳಚಿಕೊಳ್ಳುತ್ತಿದೆ, ಹೊಸ ಎಲೆಗಳೂ ಹಳದಿ ತಿರುಗಿವೆ. ಇನ್ನೂ ಹತ್ತು ಗಿಡಗಳನ್ನು ನೆಡುವ ಆಸೆಯಿದೆ. ಯಾವ ತಳಿಗಳನ್ನು ಆರಿಸಬೇಕು?

ಉತ್ತರ: ಗುಲಾಬಿಯ ಚೀಟಿಯ ಮೇಲೆ ‘ಪೂರ್ಣ ಬಿಸಿಲು’ ಎಂದು ಬರೆದಿರುವುದನ್ನು ನಾವು ಹಾಗೆಯೇ ನಂಬುತ್ತೇವೆ. ಆದರೆ ನಮ್ಮ ನರ್ಸರಿಗಳಲ್ಲಿ ಮಾರಾಟವಾಗುವ ಬಹುಪಾಲು ತಳಿಗಳು ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಹುಟ್ಟಿದವು. ಯೂರೋಪಿನ ತಂಪು ನಾಡುಗಳಲ್ಲಿ ದಿನವಿಡೀ ಬೀಳುವ ಬಿಸಿಲಿಗೂ ಏಪ್ರಿಲ್ ತಿಂಗಳಲ್ಲಿ ನಿಮ್ಮ ಊರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬೀಳುವ ಬಿಸಿಲಿಗೂ ಏನೇನೂ ಹೋಲಿಕೆಯಿಲ್ಲ. ಗುಲಾಬಿಗೆ ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಸಾಕು, ಅದೂ ಬೆಳಗಿನದಾದರೆ ಬಲು ಉತ್ತಮ. ಬಯಲುಸೀಮೆಯ ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚಿನದು ಗಿಡಕ್ಕೆ ಹೊರೆಯೇ ಹೊರತು ಪೋಷಣೆಯಲ್ಲ. ಆದ್ದರಿಂದ ತಳಿಯ ಹೆಸರಿಗೆ ಹೋಗುವ ಮೊದಲು ನಿಮ್ಮ ಅಂಗಳದಲ್ಲಿ ಯಾವ ಹೊತ್ತಿನ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿಕೊಳ್ಳಬೇಕು.

ನೀವು ಗಿಡ ನೆಟ್ಟಿರುವ ಜಾಗವೇ ಆ ಅಂಗಳದಲ್ಲಿ ಅತ್ಯಂತ ಕಷ್ಟದ್ದು. ಮನೆ ಪೂರ್ವಕ್ಕಿರುವುದರಿಂದ ಗೋಡೆಯ ಬುಡಕ್ಕೆ ಬೆಳಗಿನ ಎಳೆಬಿಸಿಲು ಸಿಗುವುದೇ ಇಲ್ಲ. ಹನ್ನೊಂದರ ಮೇಲೆ ಬಿಸಿಲು ತಲುಪಿ, ಅಲ್ಲಿಂದ ಸೂರ್ಯ ಮುಳುಗುವವರೆಗೂ ನೇರವಾಗಿ ಹೊಡೆಯುತ್ತದೆ. ಸಾಲದ್ದಕ್ಕೆ, ಕಾದ ಗೋಡೆ ರಾತ್ರಿ ಬಹಳ ಹೊತ್ತಿನವರೆಗೆ ತನ್ನ ಶಾಖವನ್ನು ಗಿಡದ ಮೇಲೆ ಬಿಡುತ್ತಲೇ ಇರುತ್ತದೆ. ಅದೇ ಅಂಗಳದ ಪಶ್ಚಿಮದ ಅಂಚಿನಲ್ಲಿ, ಅಂದರೆ ಕಾಂಪೌಂಡಿನ ಒಳಬದಿಯಲ್ಲಿ, ಮನೆಯದು ಒಂದೇ ಅಂತಸ್ತಾಗಿದ್ದರೆ, ಒಂಬತ್ತರ ಹೊತ್ತಿಗಾಗಲೇ ಬಿಸಿಲು ಬಂದಿರುತ್ತದೆ, ಮತ್ತು ಸಂಜೆಯ ಇಳಿಬಿಸಿಲಿಗೆ ಕಾಂಪೌಂಡಿನ ಗೋಡೆಯೇ ಅಡ್ಡವಾಗುತ್ತದೆ. ಹೊಸ ಗಿಡಗಳನ್ನು ಕಾಂಪೌಂಡಿನಿಂದ ಮೂರು ನಾಲ್ಕು ಅಡಿ ಬಿಟ್ಟು ಅಲ್ಲಿಯೇ ನೆಡಿ. ಜಾಗವಿದ್ದರೆ ನೈಋತ್ಯ ಮೂಲೆಯಲ್ಲಿ, ಗುಲಾಬಿಯಿಂದ ಎಂಟು ಹತ್ತು ಅಡಿ ದೂರದಲ್ಲಿ, ಒಂದು ನುಗ್ಗೆ ಗಿಡವಿರಲಿ. ನುಗ್ಗೆಯ ನೆರಳು ತೆಳ್ಳಗೆ, ಜರಡಿ ಹಿಡಿದಂತೆ ಬೀಳುವುದರಿಂದ ಅದರಡಿ ಗುಲಾಬಿ ಹೂ ಬಿಡುವುದನ್ನು ನಿಲ್ಲಿಸುವುದಿಲ್ಲ. ಮಾವು, ಹೊಂಗೆಯಂಥ ದಟ್ಟ ನೆರಳಿನ ಮರಗಳು ಇದಕ್ಕೆ ಒದಗುವುದಿಲ್ಲ.

ಇನ್ನು ತಳಿಯ ವಿಚಾರ. ಕಡು ಬಣ್ಣದ ಎಸಳು ತಿಳಿ ಬಣ್ಣದ್ದಕ್ಕಿಂತ ಹೆಚ್ಚು ಶಾಖವನ್ನು ಹೀರುತ್ತದೆ. ಎಲೆಯಾದರೆ ನೀರನ್ನು ಆವಿಯಾಗಿಸಿ ತನ್ನನ್ನು ತಾನು ತಂಪಾಗಿಸಿಕೊಳ್ಳಬಲ್ಲದು. ಎಸಳಿಗೆ ಆ ಶಕ್ತಿ ಬಹಳ ಕಡಿಮೆ. ಮಖಮಲ್ಲಿನಂಥ ಕಡುಗೆಂಪಿನ ಪಾಪಾ ಮೇಯಾಂ, ಓಕ್ಲಹೋಮ, ಕ್ರಿಮ್ಸನ್ ಗ್ಲೋರಿ ಮೊದಲಾದ ಹೈಬ್ರಿಡ್ ಟೀ ತಳಿಗಳ ಅಂಚು ಮೊದಲು ಕಪ್ಪಾಗುವುದು ಈ ಕಾರಣದಿಂದ. ಅವು ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಹವೆಗೆ ಸರಿ. ಪಶ್ಚಿಮದ ಬಿಸಿಲಿಗೆ ಒಡ್ಡಿದ ನಿಮ್ಮ ಅಂಗಳಕ್ಕೆ ಬೇಡ. ಹಳದಿಯ ಕಥೆ ಬೇರೆ: ಆ ವರ್ಣದ್ರವ್ಯ ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಬೆಳಿಗ್ಗೆ ನಿಂಬೆಹಳದಿಯಾಗಿ ಬಿರಿದ ಹೂವು ಸಂಜೆಗೆ ಕೆನೆಬಣ್ಣಕ್ಕೆ ಇಳಿದಿರುತ್ತದೆ. ಹೆಸರಾಂತ ‘ಪೀಸ್’ ಗುಲಾಬಿಯೂ ಇದಕ್ಕೆ ಹೊರತಲ್ಲ. ಬ್ಲೂ ಮೂನ್‌ನಂಥ ನಸುನೇರಳೆಗಳದೂ ಇದೇ ಪಾಡು. ಡಬಲ್ ಡಿಲೈಟ್ ಮಾತ್ರ ಇಲ್ಲಿ ಒಂದು ವಿಚಿತ್ರ. ಅದರ ಕೆನೆಬಣ್ಣದ ಎಸಳಿನ ಅಂಚಿನಲ್ಲಿರುವ ಕೆಂಪು ಹುಟ್ಟುವುದೇ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಂದ. ಗಾಜಿನ ಮನೆಯೊಳಗೆ ಆ ಹೂವು ಪೇಲವವಾಗಿ ಉಳಿಯುತ್ತದೆ, ಬಯಲಿನಲ್ಲಿ ದಿನ ಕಳೆದಂತೆ ಕೆಂಪು ಒಳಮುಖವಾಗಿ ಹರಡುತ್ತದೆ. ಪರಿಮಳವೂ ಉಂಟು. ಒಂದು ಗಿಡವನ್ನು ಕುತೂಹಲಕ್ಕಾದರೂ ಇಟ್ಟುಕೊಳ್ಳಬಹುದು.

ಹತ್ತು ಗಿಡಗಳಲ್ಲಿ ಆರನ್ನು ಫ್ಲೋರಿಬಂಡ ಗುಂಪಿನಿಂದ ಆರಿಸುವುದು ನನ್ನ ಸಲಹೆ. ಹೈಬ್ರಿಡ್ ಟೀ ಗುಲಾಬಿಯಲ್ಲಿ ಒಂದು ಕೊಂಬೆಗೆ ಒಂದೇ ದೊಡ್ಡ ಹೂವು ಬರುವುದರಿಂದ ಅದು ಬಾಡಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಚಿಗುರಿ ಹೂವಾಗಲು ಆರೇಳು ವಾರ ಕಾಯಬೇಕು. ಫ್ಲೋರಿಬಂಡದಲ್ಲಿ ಗೊಂಚಲಾಗಿ ಮೊಗ್ಗು ಬರುವುದರಿಂದ ಒಂದು ಹೂವನ್ನು ಬಿಸಿಲು ಕಬಳಿಸಿದರೂ ಪಕ್ಕದ್ದು ಮರುದಿನ ಅರಳುತ್ತದೆ. ಜರ್ಮನಿಯ ಕೋರ್ಡೆಸ್ ಮನೆತನದವರು 1958ರಲ್ಲಿ ಹೊರತಂದ ಐಸ್‌ಬರ್ಗ್ ಈ ಗುಂಪಿನಲ್ಲಿ ಅಗ್ರಗಣ್ಯ: ಅಚ್ಚಬಿಳಿ, ಮುಳ್ಳು ವಿರಳ, ಬಿಸಿಲಿಗೆ ಹೂವು ಚಿಕ್ಕದಾದೀತೇ ಹೊರತು ಅಂಚು ಸುಡುವುದು ಕಡಿಮೆ. ಸಮ್ಮರ್ ಸ್ನೋ ಎಂಬ ಬಿಳಿ ತಳಿಯೂ ನಮ್ಮಲ್ಲಿ ಬಹುಕಾಲದಿಂದ ಇದೆ. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಹಿಮಾಂಗಿನಿ, ದಿಲ್ಲಿ ಪ್ರಿನ್ಸೆಸ್, ಚಾಕಲೇಟು ಬಣ್ಣದ ಮೋಹಿನಿ ಇವೂ ಫ್ಲೋರಿಬಂಡಗಳೇ. ಆ ಸಂಸ್ಥೆಯ ಗುಲಾಬಿ ಕೆಲಸಕ್ಕೆ ಬುನಾದಿ ಹಾಕಿದವರು ಗೋಧಿ ವಿಜ್ಞಾನಿ ಬಿ. ಪಿ. ಪಾಲ್. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾಗಿದ್ದ ಅವರು ನಮ್ಮ ಬಯಲು ಪ್ರದೇಶಗಳ ಹವೆಗೆ ಒಗ್ಗುವ ಗುಲಾಬಿ ಬೇಕೆಂದು ಸ್ವತಃ ತಳಿ ಸಂಕರ ಮಾಡಿದವರು.

ಹಿಂದಿನ ಸಾಲಿಗೆ ಎತ್ತರದ ಗಿಡ ಬೇಕಾದರೆ ಕ್ವೀನ್ ಎಲಿಜಬೆತ್ ಇರಲಿ. 1954ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ನಸುಗೆಂಪು ಗುಲಾಬಿ ನೆಟ್ಟಗೆ ಐದಾರು ಅಡಿ ಬೆಳೆಯುತ್ತದೆ, ಆರೈಕೆ ಸ್ವಲ್ಪ ಹಿಂದುಮುಂದಾದರೂ ಮುನಿಯುವುದಿಲ್ಲ. ದೊಡ್ಡ ಹೂವಿನ ಹಂಬಲವಿದ್ದರೆ ಗುಲಾಬಿ ಬಣ್ಣದ ಫಸ್ಟ್ ಪ್ರೈಜ್ ಅಥವಾ ಬಯಲಿನಲ್ಲೇ ಬೆಳೆಯುವ ಗ್ಲ್ಯಾಡಿಯೇಟರ್, ಇವುಗಳಲ್ಲಿ ಒಂದೆರಡು ಸಾಕು.

ಕೆಂಪು ಬೇಕೇ ಬೇಕು ಎಂದಾದರೆ ‘ಗ್ರೂಸ್ ಆನ್ ಟೆಪ್ಲಿಟ್ಸ್’ ಎಂಬ ಹಳೆಯ ಗುಲಾಬಿಯನ್ನು ಹುಡುಕಿ ತನ್ನಿ. ಆಸ್ಟ್ರಿಯಾ-ಹಂಗೇರಿಯ ರುಡಾಲ್ಫ್ ಗೆಶ್ವಿಂಡ್ ಎಂಬ ಅರಣ್ಯಾಧಿಕಾರಿ ಬೆಳೆಸಿದ ಇದು 1897ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಭಾರತದ ಬಯಲುಗಳಲ್ಲಿ ಇದರಷ್ಟು ಹೊಂದಿಕೊಂಡ ಪರಿಮಳದ ಕೆಂಪು ಗುಲಾಬಿ ಅಪರೂಪ. ಇದರ ವಂಶದಲ್ಲಿ ಚೀನಾ ಗುಲಾಬಿ ಸೇರಿರುವುದು ಇದರ ಗುಟ್ಟು. ಯೂರೋಪಿನ ಹಳೆಯ ಗುಲಾಬಿಗಳ ಬಣ್ಣ ಬಿಸಿಲಿಗೆ ಮಾಸಿದರೆ, ಚೀನಾ ಮೂಲದವುಗಳ ಬಣ್ಣ ಬಿಸಿಲು ಬಿದ್ದಂತೆ ಗಾಢವಾಗುತ್ತದೆ. ಹೂವು ಸಣ್ಣದು, ಕತ್ತು ಬಾಗಿದ್ದು, ಹೂದಾನಿಗೆ ಸಲ್ಲದ್ದು. ಪ್ರದರ್ಶನದ ಹೂವನ್ನೇ ಕಂಡು ಬೆಳೆದವರಿಗೆ ಮೊದಲ ನೋಟಕ್ಕೆ ಹಿಡಿಸದೇ ಹೋಗಬಹುದು. ಉಷ್ಣವಲಯಕ್ಕೇ ಸೇರಿದ ಗುಲಾಬಿ ಬೇಕೆಂದು ಕೊಡೈಕೆನಾಲ್‌ನಲ್ಲಿ ನೆಲೆಸಿದ ಗುಲಾಬಿ ತಳಿಗಾರ ವೀರರಾಘವನ್ ಅವರು ಬಂಗಾಳ, ಬಿಹಾರಗಳ ತಗ್ಗುನೆಲದ ರೋಸಾ ಕ್ಲೈನೋಫಿಲ್ಲಾ ಮತ್ತು ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ ಎಂಬ ಕಾಡು ಗುಲಾಬಿಗಳನ್ನು ಬಳಸಿ ದಶಕಗಳ ಕಾಲ ಸಂಕರ ನಡೆಸಿದ್ದಾರೆ. ಆ ಗಿಡಗಳು ನಮ್ಮ ರಸ್ತೆಬದಿಯ ನರ್ಸರಿಗಳಿಗೆ ಬಂದಿಲ್ಲವೆಂಬುದು ಬೇಸರದ ಸಂಗತಿ.

ಹೊಸ ಎಲೆ ಹಳದಿಯಾಗಿರುವುದು ಬಿಸಿಲಿನಿಂದಲ್ಲ, ಮಣ್ಣಿನಿಂದ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳಚಿದ್ದರೆ ಅದು ಕಬ್ಬಿಣಾಂಶದ ಕೊರತೆ. ಎರೆಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣದ ಅಂಶ ಹೆಚ್ಚಿರುವಲ್ಲಿ ಅದು ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಗುಲಾಬಿಗೆ ಒಪ್ಪುವ ಮಣ್ಣಿನ ರಸಸಾರ (ಪಿಎಚ್) 6ರಿಂದ 6.5, ಸುಣ್ಣದ ಎರೆಮಣ್ಣಿನದು 8ರ ಮೇಲೂ ಇರುತ್ತದೆ. ಬುಡಗಿಡದ, ಅಂದರೆ ಕಸಿಗೆ ಬೇರು ಒದಗಿಸುವ ಗಿಡದ, ಪ್ರಶ್ನೆಯೂ ಇಲ್ಲಿ ಸೇರುತ್ತದೆ. ದಕ್ಷಿಣದ ನರ್ಸರಿಗಳು ಸಾಮಾನ್ಯವಾಗಿ ರೋಸಾ ಮಲ್ಟಿಫ್ಲೋರಾ ಎಂಬ ಬುಡಗಿಡದ ಮೇಲೆ ಕಣ್ಣು ಕಸಿ ಮಾಡುತ್ತವೆ. ಅದು ಬೆಂಗಳೂರು, ಕೋಲಾರದ ಕಡೆಯ ಕೆಂಪುಮಣ್ಣಿಗೆ ಒಪ್ಪುತ್ತದೆ, ಸುಣ್ಣದ ನೆಲದಲ್ಲಿ ಸೊರಗುತ್ತದೆ. ಉತ್ತರ ಭಾರತದಲ್ಲಿ ಬಳಸುವ ರೋಸಾ ಇಂಡಿಕಾ ಒಡೊರಾಟ ಬುಡಗಿಡಕ್ಕೆ ಕ್ಷಾರವನ್ನು ತಾಳುವ ಶಕ್ತಿ ಹೆಚ್ಚು. ಕೊಳ್ಳುವಾಗ ಹೂವಿನ ಬಣ್ಣ ಕೇಳುವ ನಾವು ಬುಡ ಯಾವುದೆಂದು ಕೇಳುವುದಿಲ್ಲ. ಇನ್ನು ಮುಂದೆ ಕೇಳಿ.

ನೆಡುವಾಗ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು, ಎರೆಮಣ್ಣನ್ನು ಬೇರೆಡೆ ಹಾಕಿ, ಮಸಾರಿ ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಂಟು ಹತ್ತು ಕಿಲೋ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿರಿ. ಪಾತಿಯನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಿಸಿದರೆ ಮಳೆಗಾಲದಲ್ಲಿ ಎರೆಯ ನೀರು ಬೇರಿಗೆ ನಿಲ್ಲುವುದಿಲ್ಲ. ಈಗಿರುವ ಗಿಡಗಳಿಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು ಅರ್ಧ ಹೋಳು ನಿಂಬೆಯ ರಸ ಸೇರಿಸಿ, ಬಿಸಿಲು ಇಳಿದ ಮೇಲೆ, ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಸಿಂಪಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬರುವ ಮೊಗ್ಗುಗಳನ್ನು ಚಿವುಟಿ ಗಿಡಕ್ಕೆ ವಿಶ್ರಾಂತಿ ಕೊಡಿ, ಆದರೆ ಕೊಂಬೆಗಳನ್ನು ಆಗ ಸವರಬೇಡಿ. ಎಲೆಯ ಮರೆ ಹೋದರೆ ಕಾಂಡದ ತೊಗಟೆಯೇ ಬಿಸಿಲಿಗೆ ಸುಡುತ್ತದೆ. ಸವರುವುದಕ್ಕೆ ಅಕ್ಟೋಬರ್ ನಡುಭಾಗವೇ ಸರಿಯಾದ ಕಾಲ. ಹೊಸ ಗಿಡಗಳನ್ನು ನೆಡುವುದಕ್ಕೂ ಅದೇ ಹೊತ್ತು ಒಳ್ಳೆಯದು.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯಲ್ಲಿದ್ದೇವೆ. ತಾರಸಿಯಲ್ಲಿ ಇಡೀ ದಿನ ಬಿಸಿಲಿರುತ್ತದೆ. ತಳ್ಳುಗಾಡಿಯಲ್ಲಿ ತುಂಬ ಹೂವಿರುವ ಗಿಡ ನೋಡಿ ತರುತ್ತೇವೆ. ಒಂದು ಸುತ್ತು ಹೂವಾದ ಮೇಲೆ ಗಿಡ ಒಣಗುತ್ತಾ ಹೋಗುತ್ತದೆ. ಕುಂಡಕ್ಕೆ ಯಾವ ಗುಲಾಬಿ ಒಳ್ಳೆಯದು?

ಉತ್ತರ: ಹೂವು ತುಂಬಿದ ಗಿಡವನ್ನು ಕೊಳ್ಳುವುದೇ ನಿಮ್ಮ ತೊಂದರೆಯ ಮೂಲ. ತಳ್ಳುಗಾಡಿಗೆ ಬರುವ ಗಿಡಗಳನ್ನು ನೆರಳುಪರದೆಯಡಿ ನೀರು ಗೊಬ್ಬರ ಧಾರಾಳವಾಗಿ ಕೊಟ್ಟು ಹೂವಿಗೆ ತಂದಿರುತ್ತಾರೆ, ಪುಟ್ಟ ಚೀಲದೊಳಗೆ ಬೇರು ಮಾತ್ರ ಎಳೆಯದಾಗಿರುತ್ತದೆ. ಅಂಥ ಗಿಡವನ್ನು ತಂದ ದಿನವೇ ಮಣ್ಣು ಕೊಡವಿ ಕುಂಡ ಬದಲಿಸಿ ತಾರಸಿಯ ಬಿಸಿಲಿಗಿಟ್ಟರೆ ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರನ್ನು ಎಲೆಗಳು ಕಳೆದುಕೊಳ್ಳುತ್ತವೆ. ಹೂವಿಲ್ಲದ, ಪೆನ್ಸಿಲ್ ದಪ್ಪದ ಎರಡು ಮೂರು ಕೊಂಬೆಗಳಿರುವ, ಕಸಿಯ ಗಂಟು ಗಟ್ಟಿಯಾಗಿ ಬೆಸೆದಿರುವ ಗಿಡವನ್ನು ಆರಿಸಿ. ಹೂವಿನ ಬಣ್ಣ ತಿಳಿಯಬೇಕಿದ್ದರೆ ಅದೇ ಸಾಲಿನ ಬೇರೊಂದು ಗಿಡದಲ್ಲಿ ನೋಡಿದರಾಯಿತು. ಲಾಲ್‌ಬಾಗಿನ ಗುಲಾಬಿ ತೋಟದಲ್ಲಿ ಚಳಿಗಾಲದಲ್ಲಿ ಒಂದು ಸುತ್ತು ಹಾಕಿದರೆ ಬೆಳೆದ ಗಿಡದ ಎತ್ತರ, ಹರವು ಎಷ್ಟಿರುತ್ತದೆಂಬುದೂ ಕಣ್ಣಿಗೆ ಬೀಳುತ್ತದೆ.

‘ತಾಜ್ ಮಹಲ್’ ಮೊದಲಾದ ಹೆಸರುಗಳಲ್ಲಿ ಬರುವ ಉದ್ದ ಕಾಂಡದ ಗುಲಾಬಿಗಳು ಪಾಲಿಹೌಸಿನ ಹದವಾದ ಹವೆಗೆಂದು ಹುಟ್ಟಿದವು; ತಾರಸಿಗೆ ಅವು ಬೇಡ. ಬಟನ್ ಗುಲಾಬಿ, ಮಿನಿಯೇಚರ್ ತಳಿಗಳು, ಗಿಡ್ಡ ಜಾತಿಯ ಫ್ಲೋರಿಬಂಡಗಳು ಹನ್ನೆರಡರಿಂದ ಹದಿನಾಲ್ಕು ಇಂಚಿನ ಕುಂಡದಲ್ಲಿ ವರ್ಷಗಟ್ಟಲೆ ಬಾಳುತ್ತವೆ. ತಾರಸಿಯಲ್ಲಿ ಎಲೆಗಿಂತ ಮೊದಲು ಕಷ್ಟಪಡುವುದು ಬೇರು: ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಬದಿಯ ಮಣ್ಣನ್ನು ಮಧ್ಯಾಹ್ನ ಬೆರಳಿನಿಂದ ಮುಟ್ಟಿದರೆ ಕಾವು ಎಷ್ಟೆಂದು ತಿಳಿಯುತ್ತದೆ. ಮಣ್ಣಿನ ಕುಂಡವನ್ನೇ ಬಳಸಿ, ಇಲ್ಲವೇ ಪ್ಲಾಸ್ಟಿಕ್ ಕುಂಡವನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದರೊಳಗಿಟ್ಟು ನಡುವೆ ತೆಂಗಿನ ನಾರು ತುಂಬಿ. ಕುಂಡಗಳನ್ನು ತಾರಸಿಯ ಪಶ್ಚಿಮದ ಗೋಡೆಯ ಒಳಬದಿಗೆ ಸಾಲಾಗಿಟ್ಟರೆ ಬೆಳಗಿನ ಬಿಸಿಲು ಪೂರ್ತಿ ಸಿಕ್ಕಿ, ಇಳಿಹೊತ್ತಿನದು ಬುಡಕ್ಕೆ ತಾಗುವುದಿಲ್ಲ.

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ನಮ್ಮ ತೋಟದ ಮನೆಯ ಮುಂದೆ ಒಳ್ಳೆಯ ಬಿಸಿಲು ಬೀಳುವ ಅಂಗಳವಿದೆ. ಆದರೂ ನನ್ನ ಹಳದಿ ಗುಲಾಬಿಗಳು ಪ್ರತಿ ಮಳೆಗಾಲದಲ್ಲೂ ಎಲೆ ಉದುರಿಸಿ ಬೋಳಾಗುತ್ತವೆ. ಪಕ್ಕದಲ್ಲೇ ಇರುವ ನಸುಗೆಂಪು ಗಿಡಕ್ಕೆ ಇಷ್ಟು ತೊಂದರೆಯಿಲ್ಲ. ಏಕೆ?

ಉತ್ತರ: ನಿಮ್ಮ ಅಂಗಳದ ಬಿಸಿಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಎಲೆ ಉದುರುವುದಕ್ಕೆ ಕಾರಣ ಕಪ್ಪು ಚುಕ್ಕೆ ರೋಗ. ಅದರ ಶಿಲೀಂಧ್ರ ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆಗಳ ಕಾಲ ಒದ್ದೆಯಾಗಿದ್ದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಎಲೆ ವಾರಗಟ್ಟಲೆ ಒಣಗುವುದೇ ಇಲ್ಲ.

ಹಳದಿಯೇ ಹೆಚ್ಚು ನರಳುವುದಕ್ಕೆ ಒಂದು ಚರಿತ್ರೆಯಿದೆ. ಇಂದಿನ ತೋಟದ ಗುಲಾಬಿಗಳಿಗೆ ಗಾಢ ಹಳದಿ ಬಂದದ್ದು ಪಶ್ಚಿಮ ಏಷ್ಯಾದ ರೋಸಾ ಫೀಟಿಡಾದಿಂದ. ಫ್ರಾನ್ಸಿನ ಲಿಯೋನಿನಲ್ಲಿ ಪೆರ್ನೆ-ಡುಶೇ ಎಂಬ ಬೆಳೆಗಾರ ಅದನ್ನು ಸಂಕರಕ್ಕೆ ಬಳಸಿ 1900ರಲ್ಲಿ ‘ಸೊಲೆಯ್ ದೋರ್’ ಎಂಬ ತಳಿಯನ್ನು ಹೊರತಂದ. ಆ ಕಾಡು ಗುಲಾಬಿ ಒಣಹವೆಯದು. ಕಪ್ಪು ಚುಕ್ಕೆಯನ್ನು ಎದುರಿಸುವ ಶಕ್ತಿ ಅದಕ್ಕಿರಲಿಲ್ಲ. ಬಣ್ಣದೊಂದಿಗೆ ಆ ದೌರ್ಬಲ್ಯವೂ ವಂಶಕ್ಕೆ ಇಳಿಯಿತು. ಎಲ್ಲ ಹಳದಿ ತಳಿಗಳೂ ಒಂದೇ ಮಟ್ಟದಲ್ಲಿ ಸೋಲುತ್ತವೆಂದಲ್ಲ, ಆದರೆ ನಿಮ್ಮ ಊರಿನಲ್ಲಿ ಕೊಳ್ಳುವಾಗ ಬಣ್ಣಕ್ಕಿಂತ ಎಲೆಯನ್ನು ನೋಡುವುದು ಕ್ಷೇಮ: ದಪ್ಪನೆಯ, ಮೇಲ್ಮೈ ಹೊಳೆಯುವ ಎಲೆಯಿರುವ ತಳಿಗಳು ಸಾಮಾನ್ಯವಾಗಿ ಹೆಚ್ಚು ತಡೆಯುತ್ತವೆ. ಗಿಡಗಳ ನಡುವೆ ಮೂರಡಿ ಅಂತರವಿರಲಿ, ಉದುರಿದ ಎಲೆಗಳನ್ನು ಆರಿಸಿ ಸುಟ್ಟುಬಿಡಿ, ಮಳೆ ಹಿಡಿಯುವ ಮೊದಲೇ ಒಮ್ಮೆ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿ, ಹೊಳವಾದಾಗಲೆಲ್ಲ ಮತ್ತೆ ಕೊಡಿ. ಸವರಿದ ತುದಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮುಲಾಮು ಹಚ್ಚದೇ ಬಿಡಬೇಡಿ. ಅಲ್ಲಿಂದಲೇ ಕೊಂಬೆ ತುದಿಯಿಂದ ಕೆಳಕ್ಕೆ ಒಣಗುವ ರೋಗ ಆರಂಭವಾಗುತ್ತದೆ.

ಪ್ರಶ್ನೆ: ದೇವರ ಪೂಜೆಗೆ ಮತ್ತು ಗುಲ್ಕಂದ್ ಮಾಡಲು ಪರಿಮಳವಿರುವ ಗುಲಾಬಿ ಬೇಕು. ಪನ್ನೀರು ಗುಲಾಬಿಯನ್ನು ಧಾರವಾಡದ ಬಿಸಿಲಿನಲ್ಲಿ ಬೆಳೆಯಬಹುದೇ?

ಉತ್ತರ: ಧಾರಾಳವಾಗಿ. ಆದರೆ ಪನ್ನೀರು ಗುಲಾಬಿ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳು ಮಾರಾಟವಾಗುತ್ತವೆ. ಉತ್ತರ ಪ್ರದೇಶದಲ್ಲಿ ಅತ್ತರಿಗೆಂದು ಬೆಳೆಯುವ ಡಮಾಸ್ಕ್ ಗುಲಾಬಿಗೆ ಒಳ್ಳೆಯ ಚಳಿ ಬೇಕು, ಅದು ಅಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಕೆಲವೇ ವಾರ ಅರಳುತ್ತದೆ. ನಮ್ಮಲ್ಲಿ ವರ್ಷದುದ್ದಕ್ಕೂ ಹೂ ಬಿಡುವುದು ಹೆಚ್ಚಾಗಿ ಎಡ್ವರ್ಡ್ ಗುಲಾಬಿ. ಇದು ಡಮಾಸ್ಕ್ ಮತ್ತು ಚೀನಾ ಗುಲಾಬಿಗಳ ಸಂಕರದಿಂದ ಹುಟ್ಟಿದ ಬೂರ್ಬನ್ ಗುಂಪಿಗೆ ಸೇರಿದ್ದು, ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಯಾರದಾದರೂ ಮನೆಯಲ್ಲಿ ಹೂವಿರುವ ಗಿಡವಿದ್ದರೆ ಅದರ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿಯನ್ನು ಕೇಳಿ ತಂದು ನೆಡಿ. ಸ್ವಂತ ಬೇರಿನ ಮೇಲೆ ಬೆಳೆಯುವುದರಿಂದ ಬುಡಗಿಡದ ಗೊಡವೆಯಿಲ್ಲ. ಹೂವನ್ನು ಸೂರ್ಯೋದಯದ ಹೊತ್ತಿಗೇ ಕೊಯ್ಯಬೇಕು, ಬಿಸಿಲೇರಿದಂತೆ ಸುಗಂಧ ತೈಲ ಆವಿಯಾಗುತ್ತದೆ. ಗುಲ್ಕಂದಿಗೆ ಬಳಸುವ ಗಿಡಕ್ಕೆ ಮೇಲೆ ಹೇಳಿದ ಯಾವ ರಾಸಾಯನಿಕವನ್ನೂ ಸಿಂಪಡಿಸಬೇಡಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಅರ್ಕಾ ಪರಿಮಳ, ಅರ್ಕಾ ಸವಿ ತಳಿಗಳನ್ನೂ ವಿಚಾರಿಸಿ ನೋಡಬಹುದು.

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ನೆಟ್ಟ ಕೆಂಪು ಗುಲಾಬಿ ಗಿಡ ಈಗ ಬಳ್ಳಿಯಂತೆ ಉದ್ದುದ್ದ ಬೆಳೆಯುತ್ತಿದೆ, ಹೂವೇ ಬಿಡುತ್ತಿಲ್ಲ. ಬಿಸಿಲಿಗೇನೂ ಕೊರತೆಯಿಲ್ಲ. ಗಿಡವನ್ನು ತೆಗೆದು ಬೇರೆ ನೆಡಬೇಕೇ? (ಹಾಸನ)

ಉತ್ತರ: ನೀವು ನೆಟ್ಟ ಕೆಂಪು ಗುಲಾಬಿಯನ್ನು ಹಿಂದಿಕ್ಕಿ ಅದರ ಬುಡಗಿಡವೇ ಬೆಳೆದುಬಿಟ್ಟಂತಿದೆ. ಎಲೆಗಳನ್ನು ಎಣಿಸಿ ಗುರುತಿಸುವ ರೂಢಿಯಿದೆ, ಐದು ಕಿರುಎಲೆಯಿದ್ದರೆ ಕಸಿ, ಏಳಿದ್ದರೆ ಬುಡಗಿಡ ಎಂದು. ಅದನ್ನು ನಂಬುವಂತಿಲ್ಲ, ಒಳ್ಳೆಯ ತಳಿಗಳಲ್ಲೂ ಏಳು ಕಿರುಎಲೆಗಳು ಬರುತ್ತವೆ. ಅದರ ಬದಲು ಎಲೆತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಎರಡೂ ಬದಿಗೆ ಅಂಟಿಕೊಂಡಿರುವ ಪುಟ್ಟ ಹಸಿರು ಪೊರೆಯನ್ನು ನೋಡಿ. ಮಲ್ಟಿಫ್ಲೋರಾದಲ್ಲಿ ಆ ಪೊರೆಯ ಅಂಚು ಸಣ್ಣ ಸಣ್ಣ ಎಳೆಗಳಾಗಿ ಆಳವಾಗಿ ಸೀಳಿರುತ್ತದೆ. ತೋಟದ ಗುಲಾಬಿಗಳಲ್ಲಿ ಬಹುಮಟ್ಟಿಗೆ ನುಣುಪಾಗಿರುತ್ತದೆ. ಇದು ಬರಿಗಣ್ಣಿಗೇ ಕಾಣುತ್ತದೆ.

ಗುರುತು ಸಿಕ್ಕ ಮೇಲೆ ಬುಡದ ಮಣ್ಣನ್ನು ಕೈಯಿಂದ ಸರಿಸಿ ಕಸಿಯ ಗಂಟನ್ನು ಹುಡುಕಿ. ಗಂಟಿನ ಮೇಲಿನಿಂದ ಹೊರಟ ಒಂದು ಜೀವಂತ ಕೊಂಬೆಯಾದರೂ ಉಳಿದಿದ್ದರೆ ಗಿಡ ತೆಗೆಯಬೇಕಾಗಿಲ್ಲ. ಗಂಟಿನ ಕೆಳಗಿನಿಂದ ಬಂದ ಕೊಂಬೆಗಳನ್ನು ಕತ್ತರಿಯಿಂದ ಕತ್ತರಿಸದೆ, ಹುಟ್ಟಿದ ಬುಡದಲ್ಲೇ ಹಿಡಿದು ಕೆಳಮುಖವಾಗಿ ಎಳೆದು ಕಿತ್ತುಬಿಡಿ. ಕತ್ತರಿಸಿದರೆ ಉಳಿದ ಮೋಟಿನಿಂದ ನಾಲ್ಕು ಹೊಸ ಚಿಗುರು ಏಳುತ್ತವೆ. ಕಿತ್ತ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ, ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರುವಂತೆ ಪಾತಿಯನ್ನು ಸರಿಪಡಿಸಿ. ಗಂಟಿನ ಮೇಲೆ ಏನೂ ಉಳಿದಿಲ್ಲವಾದರೆ ಅದನ್ನು ತೆಗೆದುಹಾಕಿ, ಆ ಗುಣಿಯ ಮಣ್ಣನ್ನೂ ಬದಲಿಸಿ, ಅಕ್ಟೋಬರ್‌ನಲ್ಲಿ ಹೊಸ ಗಿಡ ನೆಡಿ.